ಗೋಮರ್ ಪ್ರಾಸರ್‌ನ ಸೀಮೆಸುಣ್ಣ

ನಮ್ಮ ಕುಮ್‌ಹೆಲಿಗ್ ಎಂಬ ಕಲ್ಲಿದ್ದಲು ಕಣಿವೆಯಲ್ಲಿ ಪ್ರಾಸರ್ ಮನೆತನದವರದೇ ಒಂಬತ್ತು ಮನೆ. ಅದರಲ್ಲಿ ಗೋಮರ್ ಎಂಬ ಹೆಸರಿನವರು ಮೂವರು. ಹೀಗಾಗಿ ಹೆಸರಿನ ಹಿಂದೆ ಕಸುಬನ್ನೋ ಕುಂದನ್ನೋ ಕಟ್ಟಿ ಕರೆಯುವುದು ಇಲ್ಲಿನ ರೂಢಿ. ಬ್ರೆಡ್ಡಿನ ಗೋಮರ್ ಬೇಕರಿಯವನು. ಕುಂಟ ಗೋಮರ್ ಗಣಿಯ ಕುದುರೆ ಲಾಯದವನು. ನಾನು ಹೇಳಹೊರಟಿರುವುದು ಸೀಮೆಸುಣ್ಣದ ಗೋಮರ್‌ನ ವಿಷಯ. ನನ್ನನ್ನು ಲ್ಯಾಂಪಿನ ರೀಸ್ ಅನ್ನುತ್ತಾರೆ. ಒಂಟಿಗೈ ರೀಸ್ ಅಂತಲೂ ಕರೆಯಬಹುದಿತ್ತು, ಆದರೆ ಆ ಹೆಸರು ಮೊದಲೇ ಇನ್ನೊಬ್ಬನ ಪಾಲಾಗಿತ್ತು. ಕೈ ಕಳೆದುಕೊಂಡವರಿಗೆ ನಮ್ಮೂರಿನಲ್ಲಿ ಬರವೇನೂ ಇರಲಿಲ್ಲ.

ಗೋಮರ್‌ನ ಕೆಲಸ, ಕಿಡಿ ತಗುಲಿದರೆ ಸಿಡಿಯುವ ಗಣಿಯ ಗ್ಯಾಸು ನೋಡುವುದು. ಮಧ್ಯಾಹ್ನದ ಪಾಳಿ ಎರಡು ಗಂಟೆಗೆ ಗಣಿಗೆ ಇಳಿಯುವ ಮೊದಲು ಅವನು ಒಬ್ಬನೇ ಇಳಿದು, ಬೆಳಗಿನವರು ಬಿಟ್ಟುಹೋದ ಒಂದೊಂದು ಸುರಂಗದ ಕೊನೆಗೂ ಹೋಗಬೇಕು. ಅಲ್ಲಿ ನಿಂತು ಲ್ಯಾಂಪಿನ ಬತ್ತಿಯನ್ನು ಕೆಳಗಿಳಿಸಬೇಕು. ಜ್ವಾಲೆ ಗೋಧಿ ಕಾಳಿನಷ್ಟಾದಾಗ ಲ್ಯಾಂಪನ್ನು ಮೆಲ್ಲಗೆ ಮೇಲಿನ ಬಂಡೆಯವರೆಗೂ ಎತ್ತಬೇಕು. ಗ್ಯಾಸು ಇದ್ದರೆ ಆ ಕಾಳಿನ ತಲೆಯ ಮೇಲೆ ತೆಳುವಾದ ನೀಲಿ ಟೋಪಿಯೊಂದು ಕೂರುತ್ತದೆ. ಉಸಿರು ಬಿಗಿಹಿಡಿದು ನೋಡದಿದ್ದರೆ ಅದು ಕಾಣುವುದಿಲ್ಲ. ಟೋಪಿ ಇದ್ದರೆ ಸುರಂಗದ ಬಾಯಿಗೆ ಎರಡು ಮರದ ತುಂಡು ಅಡ್ಡಡ್ಡ ಕಟ್ಟಿ ಬರಬೇಕು, ಆಮೇಲೆ ಅದನ್ನು ಯಾರೂ ದಾಟುವಂತಿಲ್ಲ. ಇಲ್ಲದಿದ್ದರೆ ಇದ್ದಲಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತನ್ನ ಹೆಸರಿನ ಎರಡಕ್ಷರವನ್ನೂ ಆ ದಿನದ ತಾರೀಖನ್ನೂ ಬರೆಯಬೇಕು.

ಆ ಎರಡಕ್ಷರ ಕಂಡರೆ ಸಾಕು, ಜನ ಕೋಟು ಕಳಚಿ ಮೊಳೆಗೆ ಸಿಕ್ಕಿಸಿ ಹಾರೆ ಗುದ್ದಲಿ ಎತ್ತುತ್ತಿದ್ದರು. ದೇವರು ಹೇಳಿದ ಮಾತಿಗೂ ಎರಡು ಮಾತು ಸೇರಿಸುವ ನಮ್ಮ ಜನ, ಗೋಮರ್ ಬರೆದದ್ದರ ಮುಂದೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವನು ಹಾಗೆ ಬರೆದ. ಅಕ್ಷರ ಅಂದವಾಗಿರುತ್ತಿತ್ತು, ಒತ್ತಿ ಬರೆದದ್ದು. ಅಂಗಿಯ ಮೇಲಿನ ತೋಳಿಲ್ಲದ ಕೋಟಿನ ಜೇಬಿನಲ್ಲಿ ಸೀಮೆಸುಣ್ಣದ ತುಂಡು ಯಾವಾಗಲೂ ಇರುತ್ತಿತ್ತು, ಭಾನುವಾರದ ಕರಿ ಕೋಟಿನಲ್ಲಿ ಕೂಡ. ಚಾಪೆಲ್‌ನಲ್ಲಿ ದೊಡ್ಡ ಬೆಂಚಿನ ಮೇಲೆ ಹಿರಿಯರ ಸಾಲಿನಲ್ಲಿ ಕೂರುವವನು ಅವನು. ಹಾಡು ಎತ್ತಿಕೊಡುವವನೂ ಅವನೇ. ಶ್ರುತಿ ಹಿಡಿಯಲು ಅವನಿಗೆ ಯಾವ ವಾದ್ಯವೂ ಬೇಕಿರಲಿಲ್ಲ. ಗಂಟಲು ಸರಿಮಾಡಿಕೊಂಡು ಒಂದು ಸ್ವರ ಹಿಡಿದನೆಂದರೆ ಮುನ್ನೂರು ಜನರ ನಾಲ್ಕು ದನಿ ಅದರ ಹಿಂದೆ ಹೋಗುತ್ತಿತ್ತು.

ನನಗೂ ಅವನಿಗೂ ಇದ್ದ ನಂಟಿನ ಮೂಲ ನನ್ನ ಎಡಗೈ. ನನಗೆ ಇಪ್ಪತ್ತಾರು ವರ್ಷವಾಗಿದ್ದಾಗ ಮೇಲಿನ ಬಂಡೆ ಕುಸಿದು ನಾನು ಅದರಡಿ ಸಿಕ್ಕಿಕೊಂಡೆ. ಮಿಕ್ಕವರನ್ನು ದೂರ ಕಳಿಸಿ ಗೋಮರ್ ಒಬ್ಬನೇ ಆರು ಗಂಟೆ ಹೊತ್ತು ಬರಿಗೈಯಲ್ಲಿ ಕಲ್ಲು ತೆಗೆದ. ತೆಗೆಯುವಾಗ ಉದ್ದಕ್ಕೂ ಬೈಯುತ್ತಲೇ ಇದ್ದ. "ನಿದ್ದೆ ಮಾಡಿದ್ರೆ ಕೆನ್ನೆಗೆ ಬಾರಿಸ್ತೀನಿ ನೋಡು. ನಿಮ್ಮಮ್ಮಂಗೆ ಯಾರೋ ಮುಖ ತೋರಿಸೋದು? ಎಚ್ಚರವಾಗಿರು." ಕೈ ಅಲ್ಲೇ ಉಳಿಯಿತು, ನಾನು ಮೇಲೆ ಬಂದೆ. ಆಮೇಲೆ ಮ್ಯಾನೇಜರ ಹತ್ತಿರ ನಿಂತು ಜಗಳವಾಡಿ ನನಗೆ ಲ್ಯಾಂಪು ಕೋಣೆಯ ಕೆಲಸ ಕೊಡಿಸಿದವನೂ ಅವನೇ. ಇಂಥ ಋಣವಿದ್ದವನ ಮುಂದೆ ಮನುಷ್ಯನ ನಾಲಿಗೆ ಹೇಗೆ ಕಟ್ಟಿಹೋಗುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಅವನ ಹೆಂಡತಿ ಕೆಟುರಾ, ಒಬ್ಬನೇ ಮಗ ಇದ್ರಿಸ್. ಕಂಪನಿಯ ಸಾಲುಮನೆಗಳಲ್ಲಿ ಎಲ್ಲಕ್ಕಿಂತ ಮೇಲಿನದು ಅವರದು, ಹಿಂದೆ ಲೀಕ್ ಈರುಳ್ಳಿಯ ಮಡಿ, ಮುಂದೆ ಬಿಳಿ ಕಲ್ಲಿನ ಹೊಸ್ತಿಲು. ಗ್ಯಾಸು ನೋಡುವವನಿಗೆಂದು ಕಂಪನಿ ಕೊಟ್ಟ ಮನೆ ಅದು. ಪಾಳಿ ಮುಗಿಸಿ ಬಂದ ಅಪ್ಪ ಮಗ ಇಬ್ಬರೂ ಒಲೆಯ ಮುಂದಿನ ತಗಡಿನ ತೊಟ್ಟಿಯಲ್ಲಿ ಒಬ್ಬರಾದ ಮೇಲೊಬ್ಬರು ಮೈ ತೊಳೆಯುತ್ತಿದ್ದರು. ಬೆನ್ನು ಮಾತ್ರ ಕರಿದಾಗಿಯೇ ಉಳಿಯುತ್ತಿತ್ತು. ಬೆನ್ನು ತೊಳೆದರೆ ಬೆನ್ನೆಲುಬಿನ ಬಲ ಹೋಗುತ್ತದೆ ಅನ್ನುವುದು ನಮ್ಮವರ ನಂಬಿಕೆ. ಕೆಟುರಾ ಗೊಣಗುತ್ತಿದ್ದಳು, "ನನ್ನ ಹಾಸಿಗೆ ಬಟ್ಟೆಗಳ ಗತಿ ಏನು? ದೇವರು ನಿಮಗೆ ಮುಂಭಾಗ ಮಾತ್ರ ಕೊಟ್ಟವ್ನಾ?" ಇದ್ರಿಸ್ ನಗುತ್ತಿದ್ದ. "ಮದುವೆ ದಿನ ತೊಳಿಯಮ್ಮ. ಅವತ್ತು ನಾನು ಕೆಲ್ಸಕ್ಕೆ ಹೋಗಲ್ವಲ್ಲ." ಪೆಂಟೆಕೋಸ್ಟ್ ಹಬ್ಬದ ವಾರ ಅವನ ಮದುವೆ ಗೊತ್ತಾಗಿತ್ತು. ಅವನು ಕೆಲಸ ಮಾಡುತ್ತಿದ್ದದ್ದು ಅಪ್ಪನ ಕೈಕೆಳಗಿನ ಏಳನೇ ಸುರಂಗದಲ್ಲಿ.

ಸಾವಿರದ ಒಂಬೈನೂರ ಹನ್ನೊಂದರ ಮಾರ್ಚಿನಲ್ಲಿ ನನಗೆ ಮೊದಲ ಅನುಮಾನ ಹುಟ್ಟಿತು. ಹುಟ್ಟಿಸಿದ್ದು ಅವನ ಲ್ಯಾಂಪು.

ಗಣಿಯಲ್ಲಿ ಪ್ರತಿಯೊಬ್ಬನಿಗೂ ನಂಬರು ಹೊಡೆದ ಹಿತ್ತಾಳೆ ಬಿಲ್ಲೆಯೊಂದಿದೆ. ಬಿಲ್ಲೆ ಕೊಟ್ಟು ಲ್ಯಾಂಪು ಒಯ್ಯಬೇಕು, ಲ್ಯಾಂಪು ತಂದು ಬಿಲ್ಲೆ ಬಿಡಿಸಿಕೊಳ್ಳಬೇಕು. ಲ್ಯಾಂಪಿಲ್ಲದೆ ರಾಜನೂ ಗಣಿಗಿಳಿಯುವಂತಿಲ್ಲ. ವಾಪಸು ಬಂದ ಲ್ಯಾಂಪನ್ನು ಬಿಚ್ಚಿ, ಒರೆಸಿ, ಎಣ್ಣೆ ತುಂಬುವುದು ನನ್ನ ಕೆಲಸ. ಹತ್ತು ವರ್ಷ ಇದೇ ಮಾಡಿದವನಿಗೆ ಲ್ಯಾಂಪು ಮಾತನಾಡುತ್ತದೆ. ಕಿತ್ತಾಡುವವನ ಲ್ಯಾಂಪಿನ ಕಂಬಿ ಬಗ್ಗಿರುತ್ತದೆ, ಸೋಮಾರಿಯ ಲ್ಯಾಂಪಿಗೆ ದೂಳೇ ಇರುವುದಿಲ್ಲ. ಬತ್ತಿ ಇಳಿಸಿ ಇಳಿಸಿ ಗ್ಯಾಸು ನೋಡಿದವನ ಲ್ಯಾಂಪಿನಲ್ಲಿ ಎಣ್ಣೆ ಉಳಿದಿರುತ್ತದೆ. ಗೋಮರ್‌ನದರಲ್ಲಿ ಮೂರು ಬೆರಳೆಣ್ಣೆ ಉಳಿಯುವುದು ಆ ಹತ್ತು ವರ್ಷವೂ ನಾನು ಕಂಡ ವಾಡಿಕೆ. ಆ ತಿಂಗಳು ತಳ ಕಾಣತೊಡಗಿತು. ಮೇಲಿನ ತಂತಿ ಜಾಲರಿ ಮಸಿ ಹಿಡಿದು ಬರುತ್ತಿತ್ತು. ಅಂದರೆ ಅವನು ಬತ್ತಿಯನ್ನು ಇಳಿಸುತ್ತಿಲ್ಲ, ಉದ್ದಕ್ಕೂ ದೊಡ್ಡದಾಗಿಯೇ ಉರಿಸುತ್ತಿದ್ದಾನೆ.

ಇನ್ನೊಂದನ್ನು ಊರೆಲ್ಲ ನೋಡಿತು, ಅರ್ಥ ಮಾತ್ರ ತಪ್ಪು ಮಾಡಿಕೊಂಡಿತು. ಗೋಮರ್ ತಲೆಯನ್ನು ಹಿಂದಕ್ಕೆ ವಾಲಿಸಿ, ಗಲ್ಲ ಮೇಲೆತ್ತಿ ನಡೆಯತೊಡಗಿದ್ದ. ಮಾತನಾಡುವಾಗ ಮೂಗಿನ ತುದಿಯಿಂದ ಕೆಳಗೆ ನೋಡುತ್ತಿದ್ದ. "ಮಗನ ಮದುವೆ ಅಂತ ದೊಡ್ಡ ಮನುಷ್ಯನಿಗೆ ಕತ್ತು ನೆಟ್ಟಗಾಗಿದೆ" ಎಂದು ಬ್ರೆಡ್ಡಿನ ಗೋಮರ್ ಆಡಿಕೊಂಡ. ನನಗೆ ನಗು ಬರಲಿಲ್ಲ. ನನ್ನ ಅಜ್ಜನೂ ಹಾಗೇ ಗಲ್ಲವೆತ್ತಿ ನಡೆದು ಸತ್ತವನು. ಮಂದ ಬೆಳಕಿನಲ್ಲಿ ವರ್ಷಗಟ್ಟಲೆ ದುಡಿದ ಕೆಲವರಿಗೆ ಕಣ್ಣಿನ ಗುಡ್ಡೆ ನಿಲ್ಲದೆ ನಡುಗುವ ರೋಗ ಬರುತ್ತದೆ. ಗಲ್ಲವೆತ್ತಿ ಕೆಳಗೆ ನೋಡಿದರೆ ಮಾತ್ರ ಅದು ಒಂದಿಷ್ಟು ತಹಬಂದಿಗೆ ಬರುತ್ತದೆ. ಗ್ಯಾಸು ನೋಡಬೇಕಾದರೆ ಲ್ಯಾಂಪನ್ನು ತಲೆಯ ಮೇಲಕ್ಕೆ ಎತ್ತಬೇಕು, ಕಣ್ಣನ್ನೂ ಅದರ ಜೊತೆ ಎತ್ತಬೇಕು.

ಏಪ್ರಿಲಿನ ಒಂದು ಮಧ್ಯಾಹ್ನ, ಅವನು ಇಳಿಯುವ ಹೊತ್ತಿಗೆ ಬೇರೆ ಯಾರೂ ಇಲ್ಲದ್ದು ನೋಡಿ ಕಿಟಕಿಯ ಪಡಿ ಎಳೆದು ಕೇಳಿಯೇಬಿಟ್ಟೆ.

"ಎಣ್ಣೆ ಖಾಲಿ ಆಗ್ತಿದೆ, ಗೋಮರ್."

"ಕಲಬೆರಕೆ ಎಣ್ಣೆ ತರಿಸಿರ್ತೀರಿ."

"ಎಣ್ಣೆ ಅದೇ. ಕಣ್ಣು ಹೇಗಿದೆ ನಿಮ್ದು?"

ಅವನು ಕಿಟಕಿಯ ಹಲಗೆಯ ಮೇಲೆ ಮೊಣಕೈಯೂರಿದ. ಹತ್ತಿರದಿಂದ ನೋಡಿದೆ. ಎರಡು ಗುಡ್ಡೆಯೂ ಸಣ್ಣಗೆ, ಬಿಡದೆ, ಅತ್ತಿಂದಿತ್ತ ನಡುಗುತ್ತಿದ್ದವು.

"ದೀಪ ಕುಣಿಯುತ್ತೆ ಕಣೋ" ಎಂದ. "ಬತ್ತಿ ಇಳಿಸಿದ್ರೆ ದೀಪ ಎಲ್ಲಿದೆ ಅಂತಾನೇ ಸಿಗಲ್ಲ. ಅದ್ರ ಮೇಲಿನ ಟೋಪಿ ಹುಡುಕೋದು ದೂರದ ಮಾತು."

"ಮತ್ತೆ ಬರೀತಿದೀರಲ್ಲ?"

"ಗ್ಯಾಸು ನಂಗೆ ಕೇಳಿಸುತ್ತೆ. ಇದ್ದಲಿನಿಂದ ಬಿಟ್ಕೊಳ್ಳೋವಾಗ ಸಣ್ಣಗೆ ಹಾಡುತ್ತೆ ಅದು. ಸ್ವರದ ವಿಷಯದಲ್ಲಿ ನಾನು ತಪ್ಪಿದ್ದು ಯಾವತ್ತಾದ್ರೂ ನೋಡಿದೀಯಾ?"

"ಹಾಡದೆ ಸುಮ್ನೆ ನಿಂತಿರೋ ಗ್ಯಾಸು?"

"ಇದ್ರಿಸ್‌ನ ಮದುವೆ ಆಗ್ಲಿ" ಎಂದ. "ಆಮೇಲೆ ನಾನೇ ಆಫೀಸಿಗೆ ಹೋಗಿ ಹೇಳ್ತೀನಿ. ಮನೆ ಬಿಡಬೇಕಾಗುತ್ತೆ, ಮೇಲೆ ಮುದುಕರ ಜೊತೆ ಇದ್ದಲಿನಲ್ಲಿ ಕಲ್ಲು ಆರಿಸ್ಬೇಕಾಗುತ್ತೆ. ಆರಿಸ್ತೀನಿ. ಬೀಗರು ಬಂದು ಹೋಗೋವರೆಗೂ ಆ ಹೊಸ್ತಿಲು ನಂದಾಗಿರ್ಲಿ. ಏಳು ವಾರ, ರೀಸ್."

ನಾನು ತಲೆಯಾಡಿಸಿದೆ. ಆಡಿಸಬಾರದಿತ್ತು. ಇದನ್ನು ಈಗ ಹೇಳುವುದು ಸುಲಭ.

ನಮ್ಮ ಕಣಿವೆಯಲ್ಲಿ ಕೊಲೆ ಮಾಡಿದವನಿಗೂ ಹುಡುಗಿ ಕೊಟ್ಟಾರು, ಆಫೀಸಿಗೆ ಹೋಗಿ ಜೊತೆಗಾರನ ಮೇಲೆ ಮಾತು ಹಾಕಿದವನ ಹೆಣಕ್ಕೆ ಮಾತ್ರ ಹೆಗಲು ಕೊಡುವುದಿಲ್ಲ. ಹಾಗೆ ಮಾಡಿದ ಒಬ್ಬನ ಮೊಮ್ಮಕ್ಕಳನ್ನೂ ಚಾಡಿಯ ಮನೆಯವರು ಎಂದು ಕರೆಯುವುದನ್ನು ಕೇಳಿದ್ದೇನೆ. ಇದನ್ನು ನೆಪ ಎಂದು ಯಾರಾದರೂ ಅಂದರೆ ನಾನು ಇಲ್ಲವೆನ್ನುವುದಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನೊಂದು ಉಪಾಯ ಹೂಡಿದೆ. ಬಂದ ಲ್ಯಾಂಪುಗಳಲ್ಲೆಲ್ಲ ಒಳ್ಳೆಯದನ್ನು ಆರಿಸಿ ಗೋಮರ್‌ನದಾಗಿ ಮಾಡಿದೆ. ಹೊಸ ಗಾಜು ಹಾಕಿದೆ, ದಿನಾ ಬತ್ತಿ ಕತ್ತರಿಸಿ ಸಮ ಮಾಡಿದೆ, ಗಾಜನ್ನು ವಿನೆಗರ್ ಹಚ್ಚಿ ಉಜ್ಜಿದೆ. ಕುರುಡನಿಗೆ ಕನ್ನಡಿ ಒರೆಸಿಕೊಟ್ಟ ಹಾಗೆ. ಹಾಗೆ ಉಜ್ಜುವಾಗ ನನಗೆ ನೆಮ್ಮದಿಯಾಗುತ್ತಿತ್ತು, ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೇ ತಿಂಗಳ ಮೊದಲ ವಾರ ಕೆಟುರಾ ನನ್ನ ಮನೆಗೆ ಬಂದಳು. ಬಟ್ಟೆಯಲ್ಲಿ ಕಟ್ಟಿದ ನಾಲ್ಕು ಕಾವಲಿ ಕೇಕು ಮೇಜಿನ ಮೇಲಿಟ್ಟಳು, ಕೂರಲಿಲ್ಲ.

"ನಿನ್ನೆ ಅವರ ತಟ್ಟೆಯಲ್ಲಿ ಮಾಂಸ ಇಡೋದನ್ನ ಮರೆತಿದ್ದೆ" ಎಂದಳು. "ಬರೀ ಆಲೂಗಡ್ಡೆ. ಮಾಂಸ ಚೆನ್ನಾಗಿದೆ ಅಂದ್ರು. ನಿಂಗೆ ಎಷ್ಟು ದಿನದಿಂದ ಗೊತ್ತು?"

"ಮಾರ್ಚಿಂದ."

"ನಂಗೆ ಕ್ರಿಸ್ಮಸ್ಸಿಂದ. ಅವರಿಗೆ ಹೇಳಿ ಹೇಳಿ ಸಾಕಾಯ್ತು. ಹಬ್ಬ ಆಗ್ಲಿ ಅಂತಾರೆ. ಇದ್ರಿಸ್‌ಗೆ ಹೇಳೋಣ ಅಂದ್ರೆ ಬೈಬಲ್ ಮೇಲೆ ಕೈ ಇಡಿಸ್ಕೊಂಡಿದಾರೆ, ಮಗನ ಕಣ್ಣಲ್ಲಿ ನನ್ನ ಇಳಿಸಬೇಡ ಅಂತ. ನಾನು ಆಫೀಸಿಗೆ ಹೋದ್ರೆ ಗಂಡನ್ನ ಹಿಡ್ಕೊಟ್ಟ ಹೆಂಡ್ತಿ. ನೀನು ಆಫೀಸಿಗೆ ಹೋಗೋದೇನೂ ಬೇಡ, ರೀಸ್. ಲ್ಯಾಂಪು ಕೊಡಬೇಡ, ಅಷ್ಟೇ. ಗಾಜು ಸೀಳಿದೆ ಅನ್ನು, ಬಿಲ್ಲೆ ಕಳೆದಿದೆ ಅನ್ನು. ಏನೋ ಒಂದು ಅನ್ನು."

"ಒಂದು ದಿನ ಅನ್ನಬೋದು, ಕೆಟುರಾ. ಎರಡನೇ ದಿನ?"

"ಎರಡನೇ ದಿನ ಮ್ಯಾನೇಜರೇ ಅವರನ್ನ ಕರೆದು ಯಾಕೆ ಅಂತ ಕೇಳ್ತಾನೆ. ನೀನು ಚಾಡಿ ಹೇಳಿದ ಹಾಗೂ ಆಗಲ್ಲ."

ಅವಳು ಬುದ್ಧಿವಂತೆ. ನಾನು ನೋಡ್ತೀನಿ ಅಂದೆ. ಆಗುವುದಿಲ್ಲ ಎನ್ನಲು ಬಾಯಿ ಬಾರದ ಗಂಡಸರೆಲ್ಲ ನೋಡ್ತೀನಿ ಅನ್ನುತ್ತಾರೆ. ಅವಳು ಹೋದ ಮೇಲೆ ಕೇಕು ತಿಂದೆ.

ಲ್ಯಾಂಪು ಕೋಣೆಯ ಬಾಗಿಲ ಪಕ್ಕ ಹವೆ ತಿಳಿಸುವ ಪಾದರಸದ ಕೊಳವೆಯೊಂದನ್ನು ತೂಗುಹಾಕಿದ್ದರು. ಪಾದರಸ ಮೇಲಿದ್ದರೆ ಗಣಿಯ ಮೇಲೆ ಗಾಳಿಯ ಭಾರವಿರುತ್ತದೆ, ಬಿರುಕುಗಳಲ್ಲಿ ಅವಿತ ಗ್ಯಾಸು ಅಲ್ಲೇ ಬಿದ್ದಿರುತ್ತದೆ. ಇಳಿಯಿತೆಂದರೆ ಅದು ಮೆಲ್ಲಗೆ ಹೊರಗೆ ಕಾಲಿಡುತ್ತದೆ. ಭಾನುವಾರದಿಂದಲೇ ಇಳಿಯುತ್ತ ಬಂದ ಪಾದರಸ ಮೇ ಹದಿನಾರನೇ ತಾರೀಖು ಮಂಗಳವಾರ ನಾನು ಆ ವರ್ಷ ಕಂಡ ಎಲ್ಲಕ್ಕಿಂತ ಕೆಳಗಿನ ಗೆರೆಗೆ ಮುಟ್ಟಿತ್ತು. ಮೋಡ ಗುಡ್ಡದ ಸೊಂಟಕ್ಕೆ ಇಳಿದಿತ್ತು. ಗಾಳಿಯೇ ಇರಲಿಲ್ಲ, ಗಣಿಯ ಕಸದ ಗುಡ್ಡದ ಹೊಗೆ ಮೇಲೇಳಲಾರದೆ ಮನೆಗಳ ಮೇಲೆ ಮಲಗಿತ್ತು.

ಹನ್ನೆರಡಕ್ಕೆ ಗೋಮರ್ ಬಂದ. ಕೊಳವೆಯನ್ನು ಬೆರಳಿನಿಂದ ತಟ್ಟಿ, ಗಲ್ಲವೆತ್ತಿ ನಿಂತ.

"ಎಷ್ಟಿದೆ?" ಎಂದು ಕೇಳಿದ.

"ಬಹಳ ಇಳಿದಿದೆ. ನೀವು ಇವತ್ತು ಹೋಗ್ಬೇಡಿ."

"ಇಂಥ ದಿನವೇ ಹೋಗ್ಬೇಕು. ಜಾಗ್ರತೆಯಾಗಿ ನೋಡ್ತೀನಿ."

"ನೋಡ್ತೀರಾ?"

"ಲ್ಯಾಂಪು ಕೊಡು, ರೀಸ್."

ನಾನು ಲ್ಯಾಂಪನ್ನು ಕಿಟಕಿಯಿಂದ ಹೊರಗೆ ಚಾಚಿದೆ. ಅವನು ಕೊಕ್ಕೆ ಹಿಡಿದ. ನಾನು ಬಿಡಲಿಲ್ಲ. ಒಂದು ಲ್ಯಾಂಪಿಗೆ ಎರಡು ಕೈ. ಅವನು ಎಳೆಯಲಿಲ್ಲ. ನನ್ನ ಖಾಲಿ ಎಡತೋಳಿನ ಕಡೆ ನೋಡಿದ, ಬೇಕೆಂದು ನೋಡಿದ್ದಲ್ಲ, ಕಣ್ಣು ಹಾಗೆ ಹೊರಳಿರಬೇಕು. ಅಷ್ಟರಲ್ಲಿ ಹಿಂದಿನಿಂದ ಬಂದ ಕುಂಟ ಗೋಮರ್, "ಏನ್ರಯ್ಯಾ, ಇಬ್ಬರೂ ಸೇರಿ ಹಸು ಹಾಲು ಕರೀತಿದೀರಾ?" ಎಂದ. ನಾನು ನಕ್ಕೆ. ನಗುವಾಗ ಕೈ ಸಡಿಲವಾಯಿತು. ಲ್ಯಾಂಪು ಹೋಯಿತು.

ಒಂದೂವರೆಗೆ ಎರಡನೇ ಪಾಳಿಯವರು ಗಣಿಗೆ ಬರುವ, ಬೂದಿ ಹಾಸಿದ ದಾರಿಯಲ್ಲಿ ಬರತೊಡಗಿದರು. ನನ್ನ ಕಿಟಕಿಯಿಂದ ಆ ದಾರಿ ಪೂರ್ತಿ ಕಾಣುತ್ತದೆ. ಪಾಳಿಯ ಹೊತ್ತಿನಲ್ಲಿ ಅಲ್ಲಿ ಯಾವ ಹೆಂಗಸೂ ಕಾಲಿಡುವುದಿಲ್ಲ. ಗಣಿಗೆ ಹೊರಟವನಿಗೆ ಹೆಂಗಸು ಎದುರಾದರೆ ಅವನು ತಿರುಗಿ ಮನೆಗೆ ಹೋಗಬೇಕು. ಇದು ಅಜ್ಜಂದಿರ ಕಾಲದ ಮಾತು. ಮೂರು ವರ್ಷದ ಹಿಂದೆ ಹೊರ ಊರಿನ ಬಟ್ಟೆ ಮಾರುವವಳೊಬ್ಬಳು ತಿಳಿಯದೆ ಬಂದು, ಅರ್ಧ ಪಾಳಿ ವಾಪಸು ಹೋಗಿ, ಮ್ಯಾನೇಜರು ಟೋಪಿ ನೆಲಕ್ಕೆ ಬಡಿದದ್ದನ್ನು ನೆನೆದು ನಾವು ಇನ್ನೂ ನಗುತ್ತಿದ್ದೆವು.

ಆ ದಿನ ಆ ದಾರಿಯ ನಡುವೆ ಕೆಟುರಾ ಪ್ರಾಸರ್ ನಿಂತಿದ್ದಳು. ತಲೆಗೆ ಶಾಲಿಲ್ಲ, ಕೈಯಲ್ಲಿ ಬುಟ್ಟಿಯಿಲ್ಲ. ಯಾವ ಕೆಲಸಕ್ಕೂ ಬಂದವಳಂತಿರಲಿಲ್ಲ. ಎದುರು ಬರಲೆಂದೇ ಬಂದಿದ್ದಳು. ನನ್ನಿಂದ ಆಗದ್ದನ್ನು ಅವಳು ತನ್ನ ಮೈಯನ್ನೇ ಅಪಶಕುನ ಮಾಡಿಕೊಂಡು ಮಾಡಲು ನಿಂತಿದ್ದಳು.

ಮುಂದಿದ್ದವರು ನಿಂತರು. ಹಿಂದಿನವರು ಅವರ ಬೆನ್ನಿಗೆ ಡಿಕ್ಕಿ ಹೊಡೆದು ನಿಂತರು. ಯಾರೋ ನೆಲಕ್ಕೆ ಉಗುಳಿದರು. ಚಾಪೆಲ್‌ನಲ್ಲಿ ಹಾಡು ಎತ್ತಿಕೊಡುವವನ ಹೆಂಡತಿ, ಅವಳಿಗೆ ಬೈಯುವ ಧೈರ್ಯ ಯಾರಿಗೂ ಇಲ್ಲ. ಮುದುಕ ಬಾರ್ಜಿಲೈ ಟೋಪಿ ತೆಗೆದು, "ಕ್ಷಮಿಸಮ್ಮ, ನಾನು ಹಳೇ ಕಾಲದವನು" ಎಂದು ತಿರುಗಿದ. ಅವನ ಹಿಂದೆ ಒಬ್ಬ, ಇಬ್ಬರು, ಆಮೇಲೆ ಒಟ್ಟು ಹನ್ನೊಂದು ಜನ. ಕೆಟುರಾ ಅವರನ್ನು ನೋಡಲೇ ಇಲ್ಲ. ಅವಳು ಕಾಯುತ್ತಿದ್ದವನು ಸಾಲಿನ ಕೊನೆಯಲ್ಲಿದ್ದ.

ಇದ್ರಿಸ್ ಜನರನ್ನು ಸರಿಸಿಕೊಂಡು ಬಂದ. "ಅಮ್ಮ, ಏನಾಯ್ತು? ಯಾರಿಗಾದ್ರೂ ಹುಷಾರಿಲ್ವಾ?"

"ಏನಿಲ್ಲ. ಮನೆಗೆ ನಡಿ."

"ಏನಿಲ್ಲ ಅಂದ್ಮೇಲೆ ಯಾಕೆ?"

"ನಾನು ಎದುರು ಬಂದಿದೀನಿ. ಅಷ್ಟು ಸಾಲ್ದಾ?"

ಅವನು ಸುತ್ತ ನೋಡಿದ. ಹಿಂದಿರುಗುತ್ತಿದ್ದವರನ್ನೂ ಹಲ್ಲು ಕಿರಿಯುತ್ತ ನಿಂತವರನ್ನೂ ನೋಡಿದ. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು. ಅವನು ತಾಯಿಯ ಎರಡೂ ಭುಜ ಹಿಡಿದುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಬೇರೆಯವರು ಏನಾದ್ರೂ ಮಾಡ್ಕೊಳ್ಳಲಿ. ನನ್ನಮ್ಮ ಎದುರು ಬಂದ್ರೆ ಅದು ಕೆಟ್ಟದು ಅನ್ನೋ ಬಾಯಿ ನಂದಲ್ಲ. ಇವತ್ತು ನಾನೇ ತಿರುಗಿ ಹೋದ್ರೆ, ಮಗನೇ ಹೆದರಿದ, ಅವಳ ಕಾಲ್ಗುಣ ಸರಿಯಿಲ್ಲ ಅಂತ ನಾಳೆ ಊರೆಲ್ಲ ಅನ್ನುತ್ತೆ. ನಾನು ಇಳೀತೀನಿ, ರಾತ್ರಿ ಬಂದು ನೀನು ಮಾಡಿದ ಸಾರು ತಿಂತೀನಿ. ನೋಡ್ತಿರು."

ಅವಳು ಅವನ ತೋಳು ಹಿಡಿದಳು. ಹೇಳಬೇಕಾದದ್ದು ಒಂದೇ ಮಾತು. ನಿಮ್ಮಪ್ಪನಿಗೆ ಕಣ್ಣು ಕಾಣುವುದಿಲ್ಲ. ಅಷ್ಟು ಗಂಡಸರ ಎದುರಿಗೆ, ಇಪ್ಪತ್ತೆರಡು ವರ್ಷದ ಆ ಅಕ್ಷರಗಳನ್ನು ನಂಬಿದವರ ಎದುರಿಗೆ, ಬೈಬಲ್ ಮೇಲೆ ಕೊಟ್ಟ ಮಾತನ್ನು ಮುರಿದು. ಅವಳ ಬಾಯಿ ತೆರೆದದ್ದನ್ನು ನಾನು ಕಂಡೆ. ಆಮೇಲೆ ಅವಳು ನನ್ನ ಕಿಟಕಿಯ ಕಡೆ ನೋಡಿದಳು.

ನಾನು ತಲೆ ತಗ್ಗಿಸಿ ಒಂದು ಗಾಜನ್ನು ಒರೆಸತೊಡಗಿದೆ. ಅದು ಮೊದಲೇ ಒರೆಸಿಟ್ಟ ಗಾಜು.

ಇದ್ರಿಸ್ ಅವಳ ಹಣೆಗೆ ಮುತ್ತಿಟ್ಟು ಬಂದು ಕಿಟಕಿಯ ಮುಂದೆ ನಿಂತ. ಬಿಲ್ಲೆ ಇನ್ನೂರ ಹದಿನಾಲ್ಕು. "ಅಮ್ಮಂಗೆ ಏನಾಗಿದೆ, ರೀಸ್ ಮಾವ?" ಎಂದು ಕೇಳಿದ. "ಮದುವೆ ಗಡಿಬಿಡಿ" ಎಂದೆ. ಅವನು ನಕ್ಕು ಲ್ಯಾಂಪು ತೆಗೆದುಕೊಂಡ. ಇಪ್ಪತ್ತೈದು ಜನ ಇಳಿದರು.

ಮೂರು ಗಂಟೆ ಹತ್ತು ನಿಮಿಷಕ್ಕೆ ಗೋಡೆಯ ಮೇಲಿನ ಬಿಲ್ಲೆಗಳೆಲ್ಲ ಒಟ್ಟಿಗೆ ಅಲುಗಾಡಿದವು. ಮೊದಲು ಅದು, ಸದ್ದು ಆಮೇಲೆ. ಸದ್ದೂ ಅಂಥ ದೊಡ್ಡದಲ್ಲ, ಕೆಳಗಿನ ಮನೆಯಲ್ಲಿ ಯಾರೋ ಭಾರವಾದ ಬಾಗಿಲು ಹಾಕಿದ ಹಾಗೆ. ಗಾಳಿ ಎಳೆಯುವ ದೊಡ್ಡ ಯಂತ್ರದ ದನಿ ಬದಲಾಯಿತು. ಗಣಿಯ ಬಾಯಿಂದ ದೂಳು ಎದ್ದಿತು. ಬಿಲ್ಲೆಗಳು ಬಹಳ ಹೊತ್ತು ಅಲುಗುತ್ತಲೇ ಇದ್ದವು, ನಾನು ಒಂದೊಂದನ್ನೇ ಕೈಯಿಂದ ಹಿಡಿದು ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆನೋ ತಿಳಿಯದು.

ಏಳನೇ ಸುರಂಗದಲ್ಲಿದ್ದ ಹದಿನಾಲ್ಕು ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ಮಿಕ್ಕ ಹನ್ನೊಂದು ಜನ ಪಕ್ಕದ ಸುರಂಗದಿಂದ ತೆವಳಿಕೊಂಡು ಬಂದರು. ಕಿಡಿ ಎಲ್ಲಿಂದ ಹುಟ್ಟಿತೆಂದು ಕೊನೆಗೂ ಯಾರಿಗೂ ಗೊತ್ತಾಗಲಿಲ್ಲ. ಗೋಮರ್ ಆಗ ದೂರದಲ್ಲಿ, ಗಣಿಯೊಳಗೆ ಗ್ಯಾಸು ನೋಡುವವನು ಕೂರುವ ಕಟ್ಟೆಯ ಹತ್ತಿರ ಇದ್ದ. ಗಾಳಿಯ ಹೊಡೆತಕ್ಕೆ ಬಿದ್ದು, ಎದ್ದು, ಒಳಗೇ ಓಡಿದನಂತೆ. ಮರುದಿನ ಬೆಳಗಿನವರೆಗೂ ಅವನು ಮೇಲೆ ಬರಲಿಲ್ಲ. ಕಾಪಾಡಲು ಹೋದವರು ಹೇಳಿದರು, ಅವನು ಕಣ್ಣು ಮುಚ್ಚಿಕೊಂಡು ಕೈಯಿಂದ ತಡವಿ ತಡವಿ ಒಬ್ಬೊಬ್ಬನ ಹೆಸರನ್ನೂ ಹೇಳುತ್ತಿದ್ದ, ಒಂದೂ ತಪ್ಪಲಿಲ್ಲ ಎಂದು. ಎಂಟನೆಯ ಮುಖ ಮುಟ್ಟಿದವನು ಹೆಸರು ಹೇಳಲಿಲ್ಲ. ಅವರಿಗೆ ಅರ್ಥವಾಯಿತು. ಸುರಂಗದ ಕೊನೆಯ ಗೋಡೆಯ ಮೇಲೆ ಸೀಮೆಸುಣ್ಣದ ಬರಹ ಒಂದಿಷ್ಟೂ ಅಳಿಸಿರಲಿಲ್ಲ. ಎರಡಕ್ಷರ, ಕೆಳಗೆ ಅಂದಿನ ತಾರೀಖು.

ಮೇಲೆ ಬಂದವನು ನೇರ ನನ್ನ ಕಿಟಕಿಗೆ ಬಂದು ಲ್ಯಾಂಪು ಇಟ್ಟ. ಬಿಲ್ಲೆ ಕೊಟ್ಟೆ. ಲ್ಯಾಂಪು ಬಿಚ್ಚಿದೆ, ಎಣ್ಣೆ ತಳ ಕಂಡಿತ್ತು.

ಇದ್ರಿಸ್‌ನನ್ನು ಮನೆಗೆ ತಂದು ಒಲೆಯ ಮುಂದೆ ಮಲಗಿಸಿದರು. ಹೆಣ ತೊಳೆಯುವುದಕ್ಕೆ ನಮ್ಮ ಬೀದಿಯಲ್ಲಿ ಗೊತ್ತಾದ ಹೆಂಗಸಿದ್ದಳು, ಕೆಟುರಾ ಅವಳನ್ನು ಒಳಗೆ ಬಿಡಲಿಲ್ಲ. ಬಿಸಿನೀರು ಹೊತ್ತು ತಂದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದ್ದನ್ನು ನನಗೆ ಹೇಳಿದಳು. ಕೆಟುರಾ ಅವನನ್ನು ಮಗ್ಗುಲಾಗಿಸಿ, ಹತ್ತು ವರ್ಷದಿಂದ ನೀರು ಕಾಣದ ಆ ಬೆನ್ನನ್ನು ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆದಳಂತೆ. ನೀರು ಮೂರು ಸಲ ಬದಲಾಯಿಸಿದರೂ ಕಪ್ಪಾಗುತ್ತಲೇ ಇತ್ತಂತೆ. "ಇನ್ನು ಇದಕ್ಕೆ ಬಲ ಯಾಕೆ" ಎಂದಳಂತೆ, ಬೇರೆ ಏನೂ ಇಲ್ಲ.

ವಿಚಾರಣೆ ಗಣಿಯವರ ಓದುವ ಕೋಣೆಯಲ್ಲಿ ನಡೆಯಿತು. ನನ್ನನ್ನು ಮೊದಲು ಕರೆದರು. ಲ್ಯಾಂಪು ಸರಿಯಿತ್ತೇ ಎಂದು ವಿಚಾರಣೆಯ ಅಧಿಕಾರಿ ಕೇಳಿದರು. ಸರಿಯಿತ್ತು ಎಂದೆ. ಇಷ್ಟು ಚೆನ್ನಾಗಿಟ್ಟ ಲ್ಯಾಂಪನ್ನು ತಾವು ಕಂಡಿಲ್ಲವೆಂದು ಅವರು ನನ್ನನ್ನು ಹೊಗಳಿದರು. ಆಮೇಲೆ ಗೋಮರ್ ಎದ್ದು ನಿಂತ, ಗಲ್ಲವೆತ್ತಿಕೊಂಡು.

"ಲ್ಯಾಂಪು ಸರಿಯಿತ್ತು, ಸ್ವಾಮಿ. ನೋಡೋ ಕಣ್ಣು ಸರಿಯಿರಲಿಲ್ಲ. ನೋಡದೇ ಬರೆದೆ. ಮಾರ್ಚಿಂದ ಹಾಗೇ ಬರೀತಿದ್ದೆ."

ಅಧಿಕಾರಿ ಬಹಳ ಮೆಲ್ಲಗೆ ಕೇಳಿದರು, "ಇದು ಬೇರೆ ಯಾರಿಗಾದರೂ ಗೊತ್ತಿತ್ತೇ?"

"ಯಾರಿಗೂ ಇಲ್ಲ" ಎಂದ ಗೋಮರ್.

ಅವನು ಜೀವಮಾನದಲ್ಲಿ ಹೇಳಿದ ಸುಳ್ಳುಗಳಲ್ಲಿ ಬಾಯಿಂದ ಆಡಿದ್ದು ಅದೊಂದೇ ಇರಬೇಕು. ನಾನು ಎದ್ದು ನಿಲ್ಲಬಹುದಿತ್ತು. ಕುರ್ಚಿಯ ಹಿಡಿ ಹಿಡಿದುಕೊಂಡು ಕೂತಿದ್ದೆ. ಮುಂದಿನ ಸಾಲಿನಲ್ಲಿದ್ದ ಕೆಟುರಾ ಹಿಂದಿರುಗಿ ನೋಡಲಿಲ್ಲ.

ಆಮೇಲೆ ಅವನು ಒಂಬತ್ತು ವರ್ಷ ಬದುಕಿದ. ಅವನಿಗೆ ಯಾರೂ ಶಿಕ್ಷೆ ಕೊಡಲಿಲ್ಲ, ಕಲ್ಲು ಹೊಡೆಯಲಿಲ್ಲ. ಸತ್ತವರ ಮನೆಯವರೇ ಎರಡು ಕೋಣೆಯ ಬೇರೊಂದು ಮನೆಗೆ ಅವರ ಮಂಚ ಹೊತ್ತುಕೊಟ್ಟರು. ಅವನು ತಾನಾಗಿ ದೊಡ್ಡ ಬೆಂಚು ಬಿಟ್ಟು ಚಾಪೆಲ್‌ನ ಬಾಗಿಲ ಪಕ್ಕ ಕೂರತೊಡಗಿದ. ಹಾಡಲು ಬಾಯಿ ತೆರೆದದ್ದನ್ನು ಮತ್ತೆ ಯಾರೂ ಕಾಣಲಿಲ್ಲ. ಅವನಿಲ್ಲದೆ ನಮ್ಮ ಹಾಡು ಅರ್ಧ ಸ್ವರ ಕೆಳಗೆ ಇಳಿಯುತ್ತ ಹೋಗುತ್ತಿತ್ತು, ಅವನು ಗಲ್ಲವೆತ್ತಿ ಕೇಳುತ್ತ ಕೂತಿರುತ್ತಿದ್ದ. ಅಂದು ದಾರಿಯಿಂದ ತಿರುಗಿ ಹೋದ ಹನ್ನೊಂದು ಜನರೂ ಬೀದಿಯಲ್ಲಿ ಕೆಟುರಾ ಕಂಡರೆ ಟೋಪಿ ತೆಗೆದು ನಿಲ್ಲುತ್ತಿದ್ದರು. ಆ ಮರ್ಯಾದೆ ಅವಳಿಗೆ ಬೇಕಿರಲಿಲ್ಲ, ಅವರು ಬರುವ ಬೀದಿಯನ್ನೇ ಅವಳು ಬಿಟ್ಟಳು.

ಗೋಮರ್‌ನ ಮಣ್ಣಾದ ಮರುದಿನ ಅವಳು ಲ್ಯಾಂಪು ಕೋಣೆಗೆ ಬಂದಳು. ಬೂದಿ ದಾರಿಯಲ್ಲೇ ನಡೆದು ಬಂದಳು, ಹಗಲು ಹತ್ತು ಗಂಟೆ, ದಾರಿಯಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಹಲಗೆಯ ಮೇಲೆ ಒಂದು ತುಂಡು ಸೀಮೆಸುಣ್ಣ ಇಟ್ಟಳು. ಜೇಬಿನಲ್ಲಿ ಉಜ್ಜಿ ಉಜ್ಜಿ ಅದು ಬೆಣಚುಕಲ್ಲಿನಂತೆ ಗುಂಡಗಾಗಿತ್ತು.

"ಅವರ ಕ್ಷಮೆ ದೇವರ ಹತ್ರ ಇದೆ" ಎಂದಳು. "ನನ್ನದನ್ನ ನಾನು ನೋಡ್ಕೋತೀನಿ, ಬಾಯಿ ಬಿಡಲಿಲ್ವಲ್ಲ ನಾನು. ನಿಂಗೆ ಒಂದು ಮಾತು ಹೇಳೋಕೆ ಬಂದೆ, ರೀಸ್. ಲ್ಯಾಂಪು ಬಿಡದೆ ಹಿಡ್ಕೊಂಡಿದ್ಯಂತೆ ಅವತ್ತು. ಅವರೇ ಹೇಳಿದ್ರು, ಮೊನ್ನೆ, ಉಸಿರು ಹೋಗೋ ಮುಂಚೆ. ಇನ್ನೊಂಚೂರು ಹಿಡಿದಿದ್ರೆ ಕುರುಡ ಅಂತ ನಾನೇ ಒಪ್ಕೊಂಡುಬಿಡ್ತಿದ್ದೆ ಅಂದ್ರು. ಹಿಡ್ಕೊಳ್ಳೋಕೆ ಒಂದು ಕೈ ಸಾಕಾಗಿತ್ತು."

ಅವಳು ಹೋದಳು. ಒಂದೂವರೆಗೆ ಪಾಳಿಯವರು ಬಂದು ಬಿಲ್ಲೆ ಚಾಚಿದರು, ನಾನು ಒಂದೊಂದಾಗಿ ಲ್ಯಾಂಪು ಕೊಟ್ಟೆ.